ದನಿ ಆರಿಸಲು ಬಂದವನು

ಹತ್ತನೆಯ ತರಗತಿಯ ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ಬಿಸಿಲಿನ ದಿನಗಳಲ್ಲಿ, ಭಾನುವಾರ ಬೆಳಿಗ್ಗೆ, ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ ನಾನು ಮಕ್ಕಳಿಗೆ ಮುಂದೇನು ಓದಬಹುದು ಎಂದು ಹೇಳಿಕೊಡುತ್ತೇನೆ. ಮೊದಲು ಕನ್ನಡ ಮಾಧ್ಯಮದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮಕ್ಕಳು ಬಾರದೆ ಆ ಶಾಲೆ ಮುಚ್ಚಿತು. ಮನೆಯಲ್ಲಿ ಕೂತು ಬೇಸರವಾಗಿ ಈ ಕೆಲಸ ಹಿಡಿದೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಮಕ್ಕಳು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುತ್ತಾರೆ. ಹಿಂದಿನ ಸಾಲಿನಲ್ಲಿ ಕೂತ ಅಪ್ಪ ಅಮ್ಮಂದಿರ ಪ್ರಶ್ನೆ ಮಾತ್ರ ಪ್ರತಿ ವರ್ಷವೂ ಒಂದೇ: "ಸ್ಕೋಪ್ ಯಾವುದಕ್ಕಿದೆ ಟೀಚರ್?" ನನಗೆ ಅದು ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ ಎಂದು ಹೇಳಿದರೆ ಅವರಿಗೆ ಸಮಾಧಾನವಾಗುವುದಿಲ್ಲ. ಗೊತ್ತಿದೆ ಎನ್ನುವವರು ಬಂದರೆ ಸಭಾಂಗಣ ತುಂಬುತ್ತದೆ.

ಹಾಗೆ ಒಂದು ಬೇಸಿಗೆಯಲ್ಲಿ, ಈಚೆಗೆ, ಒಬ್ಬ ಬಂದ.

ಸಂಘದ ಕಾರ್ಯದರ್ಶಿಗಳು ಅವನನ್ನು ಕರೆಸಿದ್ದರು. ವೃತ್ತಿ ಮಾರ್ಗದರ್ಶಕರು, ನವಿ ಮುಂಬಯಿಯಲ್ಲಿ ದೊಡ್ಡ ಸಂಸ್ಥೆ ಇದೆ, ನಮ್ಮವರೇ ಎಂದು ಪರಿಚಯಿಸಿದರು. ವಯಸ್ಸು ಮೂವತ್ತೈದರ ಆಸುಪಾಸು. ಇಸ್ತ್ರಿ ಮುರಿಯದ ಬಿಳಿ ಅಂಗಿ. ಬಾಗಿಲಲ್ಲಿ ಉಡುಪಿಯ ಕಡೆಯ ಹೋಟೆಲಿನವರು ಸಿಕ್ಕಾಗ "ಎಂತ, ಸೌಖ್ಯವಾ?" ಎಂದ. ಪಕ್ಕದಲ್ಲೇ ನಿಂತ ಬಾಗಲಕೋಟೆಯವರತ್ತ ತಿರುಗಿ, "ಆರಾಮ್ ಅದೀರೇನ್ರಿ?" ಎಂದ. ಅವನ ಊರು ಯಾವುದೆಂದು ಆ ಮಾತಿನಿಂದ ತಿಳಿಯುವಂತಿರಲಿಲ್ಲ. ಆಮೇಲೆ ವಿಚಾರಿಸಿದಾಗ ಅವನು ತಮ್ಮ ಸೀಮೆಯವನೇ ಎಂದು ಎರಡೂ ಕಡೆಯವರು ಹೇಳಿದರು.

ವೇದಿಕೆ ಹತ್ತಿ ಅವನು ಹೆಚ್ಚು ಮಾತಾಡಲಿಲ್ಲ. "ಮಾರ್ಕ್ಸು ಎಲ್ಲರೂ ತಗೊಳ್ತಾರೆ. ನಾಳೆ ಕೆಲಸ ಕೊಡೋದು ಮಾತು. ಒಬ್ಬೊಬ್ಬರಾಗಿ ಬನ್ನಿ, ಏನು ಬೇಕಾದರೂ ಮಾತಾಡಿ" ಎಂದ. ಮಕ್ಕಳು ನಾಚುತ್ತಾ ಒಬ್ಬೊಬ್ಬರಾಗಿ ಮೈಕಿನ ಮುಂದೆ ನಿಂತರು. ಆಗ ನನಗೆ ಒಂದು ವಿಚಿತ್ರ ಕಂಡಿತು. ಅವನು ಮಕ್ಕಳ ಮುಖ ನೋಡುತ್ತಿರಲಿಲ್ಲ. ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಬರೀ ಕೇಳಿಸಿಕೊಳ್ಳುತ್ತಿದ್ದ. ಎಷ್ಟೋ ವರ್ಷ ಮಕ್ಕಳ ಜೊತೆ ಕಳೆದವಳು ನಾನು. ಮಗು ಏನಾಗಬಹುದು ಎಂದು ಊಹಿಸಬೇಕಾದರೆ ಮೊದಲು ಅದರ ಕಣ್ಣು ನೋಡಬೇಕು. ಇವನಿಗೆ ಕಣ್ಣು ಬೇಕಿರಲಿಲ್ಲ.

ವಿಠ್ಠಲವಾಡಿಯಿಂದ ಬರುತ್ತಿದ್ದ ಒಬ್ಬಳು ಹುಡುಗಿ ಇದ್ದಳು. ಅವಳ ಅಪ್ಪ ಉಲ್ಹಾಸನಗರದ ಹೊಲಿಗೆಯವರಿಗೆ ಗುಂಡಿ, ಜಿಪ್ಪು ಮಾರುವ ಸಣ್ಣ ವ್ಯಾಪಾರಿ. ಮನೆಯಲ್ಲಿ ಅಜ್ಜಿಯದು ಅಪ್ಪಟ ವಿಜಯಪುರದ ಮಾತು, ನೆರೆಯವರದು ಕರಾವಳಿಯ ಮಾತು. ಈ ಹುಡುಗಿ ಎಲ್ಲವನ್ನೂ ಕಿವಿಯಲ್ಲೇ ಹಿಡಿದಿಟ್ಟುಕೊಂಡಿದ್ದಳು. ಮೈಕಿನ ಮುಂದೆ ನಿಂತು ಮೊದಲು ಕಲ್ಯಾಣ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಮಾಡಿದಳು. ಆಮೇಲೆ ಅಜ್ಜಿಯ ಹಾಗೆ ಬೈದಳು. ಕೊನೆಗೆ ನೆರೆಮನೆಯ ಆಂಟಿಯಾಗಿ, "ಬನ್ನಿ ಮಾರಾಯ್ರೆ, ಒಂದು ಗ್ಲಾಸು ಮಜ್ಜಿಗೆಯಾದ್ರೂ ಕುಡ್ದು ಹೋಗಿ" ಎಂದಾಗ ಸಭಾಂಗಣವೆಲ್ಲ ಬಿದ್ದು ಬಿದ್ದು ನಕ್ಕಿತು. ಅವನು ನಗಲಿಲ್ಲ. ಆ ಬೆಳಿಗ್ಗೆ ಮೊದಲ ಸಲ ಕಣ್ಣು ತೆರೆದ, ಅಷ್ಟೆ.

ಕೊನೆಗೆ ಅವನು ಆರಿಸಿದ್ದು ಬೆರಳೆಣಿಕೆಯ ಮಕ್ಕಳನ್ನು. ಆ ಹುಡುಗಿ ಅವರಲ್ಲೊಬ್ಬಳು. ಇನ್ನೊಬ್ಬ ಡೊಂಬಿವಲಿಯ ಹೋಟೆಲಿನವರ ಮಗ. ಆಗಷ್ಟೇ ಗಂಟಲು ಒಡೆದು ದೊಡ್ಡ ಗಂಡಸಿನ ದನಿ ಬಂದಿದ್ದ, ಮೀಸೆ ಇನ್ನೂ ಮೂಡದ ಹುಡುಗ. ಇವರಿಗೆಲ್ಲ ರಜೆಯಲ್ಲಿ ಇಂಟರ್ನ್‌ಶಿಪ್ಪು, ನವಿ ಮುಂಬಯಿಯ ಘಣಸೋಲಿಯಲ್ಲಿ ತರಬೇತಿ, ಕೈಖರ್ಚಿಗೆ ಸ್ವಲ್ಪ ಹಣ, ಆಮೇಲೆ ಸರ್ಟಿಫಿಕೇಟು. ಕಲಿಸುವ ವಿಷಯ 'ಕಸ್ಟಮರ್ ಕಮ್ಯುನಿಕೇಶನ್'. ಹುಡುಗಿಯ ಅಪ್ಪ ನನ್ನ ಬಳಿ ಓಡಿ ಬಂದರು. ಅವರ ಕಣ್ಣು ಒದ್ದೆಯಾಗಿತ್ತು.

"ಅಕ್ಕೋರ, ಮನ್ಯಾಗ ದಿನಾ ಬಾಯಿ ಮುಚ್ಚ ಅಂತ ಬೈತಿದ್ವಿ ಇಕಿಗೆ. ಆ ಬಾಯೇ ಅನ್ನ ಕೊಡತೈತಿ ಅಂದ್ರು ನೋಡ್ರಿ ಸರ್ರು!"

ನಾನು ಅವನ ಬಳಿಗೆ ಹೋಗಿ ಸಂಸ್ಥೆಯ ವಿಳಾಸ ಕೇಳಿದೆ. ಮಕ್ಕಳು ಹದಿನೆಂಟು ತುಂಬದವರು, ಯಾರು ಕಲಿಸುತ್ತಾರೆ, ಹೆಂಗಸರಿದ್ದಾರೆಯೇ ಎಂದೂ ಕೇಳಿದೆ. ಅವನು ಎಲ್ಲಕ್ಕೂ ನಗುತ್ತಲೇ ಉತ್ತರ ಕೊಟ್ಟ. ಮನೆಗೆ ಹೋಗಿ ಆ ಉತ್ತರಗಳನ್ನು ನೆನಪಿಸಿಕೊಂಡರೆ ಒಂದರಲ್ಲೂ ಏನೂ ಇರಲಿಲ್ಲ. ಕಾರ್ಯದರ್ಶಿಗಳಿಗೆ ಫೋನ್ ಮಾಡಿ ಇವರು ಯಾರ ಪರಿಚಯ ಎಂದೆ. ಖಜಾಂಚಿಯವರ ಪರಿಚಯ ಎಂದರು. ಖಜಾಂಚಿಯವರು, "ಅಲ್ಲ, ಕಾರ್ಯದರ್ಶಿಗಳೇ ಕರ್ಕೊಂಡು ಬಂದದ್ದು" ಎಂದರು.

ನನ್ನ ಯಜಮಾನರು ಠಾಣೆಯ ಮಾಜಿವಾಡಾದಲ್ಲಿ ಒಂದು ವೆಜ್ ಹೋಟೆಲಿನ ಮ್ಯಾನೇಜರು. ಅವರಿಗೆ ಹೇಳಿದೆ. "ನಿಂಗೆ ಎಂತಕ್ಕೆ ಅಷ್ಟು ಸಂಶಯ? ನಿನ್ನ ಕ್ಲಾಸಿಗಿಂತ ಅವನದ್ದಕ್ಕೆ ಜನ ಜಾಸ್ತಿ ಬಂದ್ರು ಅಂತ ಹೊಟ್ಟೆಕಿಚ್ಚಾ?" ಎಂದು ತಮಾಷೆ ಮಾಡಿದರು. ಆದರೆ ಆ ಮುಚ್ಚಿದ ಕಣ್ಣು ನನ್ನ ತಲೆಯಿಂದ ಹೋಗಲಿಲ್ಲ.

ಕೆಲವು ವಾರಗಳ ನಂತರ ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಆ ಹುಡುಗಿ ಸಿಕ್ಕಳು. ಘಣಸೋಲಿಯ ಗಾಡಿ ಹಿಡಿಯಲು ಹೊರಟಿದ್ದಳು. ಮುಂಚೆ ನನ್ನನ್ನು ಕಂಡರೆ ದೂರದಿಂದಲೇ "ಟೀಚರ್!" ಎಂದು ಕಿರುಚುತ್ತಿದ್ದವಳು ಈಗ ಎರಡೂ ಕೈ ಜೋಡಿಸಿ ನಿಂತಳು.

"ಏನು ಕಲಿಸ್ತಾರೆ ಅಲ್ಲಿ?" ಎಂದೆ.

"ಕಾನ್ಫಿಡೆನ್ಸ್, ಮೇಡಂ."

"ಮೇಡಂ ಯಾವಾಗಿನಿಂದ ಆದೆ ನಾನು?"

ಅವಳು ನಕ್ಕಳು. ಆ ನಗು ತುಟಿಯಲ್ಲಿ ಹುಟ್ಟಿ ತುಟಿಯಲ್ಲೇ ಮುಗಿಯಿತು. "ನೀವು ಚಿಂತೆ ಮಾಡಬೇಡಿ. ನಾನು ನಿಮ್ಮ ಸಹಾಯಕ್ಕೇ ಇದ್ದೇನೆ" ಎಂದಳು. ಹೇಳಿದ ಕೂಡಲೇ ಅವಳಿಗೇ ಏನೋ ತಪ್ಪಿದ ಹಾಗೆ ಅನ್ನಿಸಿರಬೇಕು. ಮುಖ ಕೆಂಪಾಗಿ, "ಟ್ರೇನ್ ಆ ಗಯೀ ಟೀಚರ್, ಹೋಗ್ತೇನೆ" ಎಂದು ಜನರ ನಡುವೆ ಇಳಿದು ಹೋದಳು. ಆ ಗದ್ದಲದಲ್ಲಿ ನಿಂತ ನನಗೆ ಅವಳ ಆ ನಯವಾದ ವಾಕ್ಯ ಕಿವಿಯಲ್ಲಿ ತಣ್ಣಗೆ ಉಳಿಯಿತು.

ಅದೇ ವಾರ ಅವಳ ಅಪ್ಪ ಫೋನ್ ಮಾಡಿದರು. ದನಿಯಲ್ಲಿ ಮೊದಲಿನ ಹಿಗ್ಗು ಇರಲಿಲ್ಲ.

"ಅಕ್ಕೋರ, ಒಂದು ಮಾತು ಕೇಳ್ಲಿ? ನಮ್ಮ ಅವ್ವ ಬಿಪಿ ಗುಳಗಿ ಒಲ್ಲೆ ಅಂತ ಹಟ ಹಿಡಿದಿದ್ಲರಿ. ಹುಡುಗಿ ಬಂದು ಅಕಿ ಕೈ ಹಿಡಕೊಂಡು, 'ಗಾಬರಿ ಆಗಬ್ಯಾಡ್ರಿ, ಫೋನ್ ಇಡಬ್ಯಾಡ್ರಿ, ನಾ ಹೇಳಿದಷ್ಟು ಮಾಡ್ರಿ' ಅಂದ್ಲು. ಅಲ್ಲಿ ಫೋನೇ ಇರಲಿಲ್ಲರಿ! ಅವ್ವ ಗುಳಗಿ ನುಂಗಿದ್ಲು ಖರೆ. ಆಮ್ಯಾಗ ನನ್ನ ಕರದು, 'ಇದು ನಮ್ಮ ಕೂಸಲ್ಲೋ' ಅಂದ್ಲು. ಮುಂಜಾನಿಂದ ಅವ್ವ ಹುಡುಗಿ ಮಗ್ಗಲಕ ಹೋಗವಲ್ಲಳು."

ಇನ್ನು ಕಾಯುವುದು ಸರಿಯಲ್ಲ ಅನ್ನಿಸಿತು. ಮರುದಿನ ಮಧ್ಯಾಹ್ನ ಅವರಿಂದಲೇ ವಿಳಾಸ ಪಡೆದು ಘಣಸೋಲಿಗೆ ಹೋದೆ.

ಸ್ಟೇಷನ್ನಿನಿಂದ ರಿಕ್ಷಾ ಹೊಸ ಸೆಕ್ಟರುಗಳ ಅಗಲ ರಸ್ತೆ ದಾಟಿ ಹಳೆಯ ಊರಿನ ಗಲ್ಲಿಗೆ ಬಂತು. ಎರಡು ಕಟ್ಟಡಗಳ ನಡುವೆ ಕೈ ಚಾಚಿದರೆ ಎದುರುಮನೆಯ ಕಿಟಕಿ ಸಿಗುವಷ್ಟು ಇಕ್ಕಟ್ಟು. ಬಿಸಿಲಿದ್ದರೂ ಒಳಗೆ ಬೆಳಕಿರಲಿಲ್ಲ. ಬೋರ್ಡು ಎಲ್ಲೂ ಇಲ್ಲ. ಕಾವಲುಗಾರನನ್ನು ಕೇಳಿದರೆ ತಲೆ ಎತ್ತದೆ, "ಕ್ಲಾಸ್ ವರ್ ಆಹೇ" ಎಂದು ಮೇಲಕ್ಕೆ ಬೆರಳು ತೋರಿಸಿದ. ಮೆಟ್ಟಿಲು ಹತ್ತಿದೆ. ಕೊನೆಯ ಮಹಡಿಯ ಬಾಗಿಲ ಮುಂದೆ ಮಕ್ಕಳ ಚಪ್ಪಲಿ, ಶಾಲೆಯ ಕ್ಯಾನ್‌ವಾಸ್ ಶೂಗಳು ಸಾಲಾಗಿದ್ದವು. ಯಾರೋ ಶಿಸ್ತಾಗಿ ಜೋಡಿಸಿಟ್ಟಿದ್ದರು.

ಬೆಲ್ ಒತ್ತುವ ಮುಂಚೆ ನಿಂತು ಕೇಳಿದೆ. ಒಳಗಿಂದ ತುಂಬ ಜನ ಒಟ್ಟಿಗೆ ಮೆಲ್ಲಗೆ ಮಾತಾಡುವ ಗುಂಯ್‌ಗುಟ್ಟುವಿಕೆ ಬರುತ್ತಿತ್ತು. ಹಿಂದಿ, ಮರಾಠಿ, ತೆಲುಗು. ಯಾರೂ ದನಿ ಎತ್ತುತ್ತಿರಲಿಲ್ಲ. ಎಲ್ಲರೂ ವಿನಯದಿಂದ ಮಾತಾಡುತ್ತಿದ್ದರು. ಅಷ್ಟೊಂದು ವಿನಯ ಒಂದೇ ಕೋಣೆಯಲ್ಲಿ ನಾನು ಹಿಂದೆಂದೂ ಕೇಳಿರಲಿಲ್ಲ. ಬಾಗಿಲಿಗೆ ತೀರ ಹತ್ತಿರದಲ್ಲಿ ಒಬ್ಬ ಹೆಂಗಸು ನಮ್ಮ ಉಡುಪಿ ಕಡೆಯ ಕನ್ನಡದಲ್ಲಿ ಹೇಳುತ್ತಿದ್ದಳು: "ಹೆದರ್ಬೇಡಿ ಅಜ್ಜಿ, ನಾನು ಬ್ಯಾಂಕಿಂದಲೇ ಮಾತಾಡುದು. ಮಗನಿಗೆ ಈಗಲೇ ಹೇಳುದು ಬೇಡ, ಪಾಪ ಅವರಿಗೂ ಟೆನ್ಶನ್ ಆಗ್ತದೆ ಅಲ್ವಾ? ನಾವಿಬ್ರೇ ಸರಿ ಮಾಡುವ." ನಲವತ್ತು ದಾಟಿದ, ಮಕ್ಕಳ ತಾಯಿಯಾದ ಹೆಂಗಸಿನ ದನಿ ಅದು. ಯಾರಾದರೂ ನಂಬುವಂಥ ದನಿ. ನಾನೂ ಒಂದು ಕ್ಷಣ, ಪರವಾಗಿಲ್ಲ, ದೊಡ್ಡವರು ಯಾರೋ ಇದ್ದಾರೆ ಎಂದುಕೊಂಡೆ.

ಆಮೇಲೆ ಹೊಳೆಯಿತು. ಮಜ್ಜಿಗೆ ಕುಡಿದು ಹೋಗಿ ಎಂದು ನಮ್ಮನ್ನೆಲ್ಲ ನಗಿಸಿದ ದನಿ ಅದೇ.

ನನ್ನ ಕೈ ಬೆಲ್ಲಿನ ಮೇಲೆ ಹೇಗೆ ಬಿತ್ತೋ ಗೊತ್ತಿಲ್ಲ. ಒಳಗಿನ ಮಾತೆಲ್ಲ ಒಂದೇ ಸಲಕ್ಕೆ ನಿಂತಿತು. ಯಾರೋ ಸ್ವಿಚ್ಚು ಆರಿಸಿದ ಹಾಗೆ. ಬಾಗಿಲು ಒಂದು ಗೇಣು ತೆರೆಯಿತು. ಅದೇ ಬಿಳಿ ಅಂಗಿ.

"ಓ, ಟೀಚರ್! ಬನ್ನಿ ಅಂತ ನಾನೇ ಹೇಳಬೇಕಂತಿದ್ದೆ" ಎಂದ. ಆದರೆ ಬಾಗಿಲು ಇನ್ನಷ್ಟು ತೆರೆಯಲಿಲ್ಲ.

"ಆ ಹುಡುಗಿಯನ್ನು ಕರೆಯಿರಿ. ಮನೆಗೆ ಕರೆದುಕೊಂಡು ಹೋಗಬೇಕು."

"ಪ್ರಾಕ್ಟೀಸ್ ನಡೀತಿದೆ. ಸಂಜೆ ಬರ್ತಾಳೆ, ದಿನಾ ಬರ್ತಾಳಲ್ಲ." ಅವನು ತಲೆ ಸ್ವಲ್ಪ ಓರೆ ಮಾಡಿ, ಕಣ್ಣು ಅರೆ ಮುಚ್ಚಿ, ನನ್ನನ್ನು ಕೇಳಿಸಿಕೊಳ್ಳುತ್ತಿದ್ದ. "ನಿಮ್ಮ ದನಿಯೂ ಚೆನ್ನಾಗಿದೆ ಟೀಚರ್. ಕಲಿಸಿದವರ ದನಿ. ವಯಸ್ಸಾದವರು ಬೇಗ ನಂಬ್ತಾರೆ." ಆಮೇಲೆ ಬಾಗಿಲು ಮುಚ್ಚುತ್ತಾ, ಮನೆಮಂದಿಯ ಯೋಗಕ್ಷೇಮ ವಿಚಾರಿಸುವವನಂತೆ, "ಯಜಮಾನರು ಮಾಜಿವಾಡಾದಲ್ಲೇ ಇದ್ದಾರಲ್ಲ? ಮಧ್ಯಾಹ್ನ ಊಟಕ್ಕೆ ಮನೆಗೆ ಬರೋದಿಲ್ಲ ಅಲ್ವಾ ಅವರು" ಎಂದ.

ನಾನು ಅವನಿಗೆ ಯಜಮಾನರ ವಿಷಯ ಎಂದೂ ಹೇಳಿರಲಿಲ್ಲ.

ಬೀದಿಗೆ ಬಂದು ಮೊದಲು ಯಜಮಾನರಿಗೆ ಫೋನ್ ಮಾಡಿದೆ. ಈ ಸಲ ಅವರು ತಮಾಷೆ ಮಾಡಲಿಲ್ಲ. "ನೀನು ಅಲ್ಲಿ ನಿಲ್ಬೇಡ. ಸೀದಾ ಅವಳ ಅಪ್ಪನ ಅಂಗಡಿಗೆ ಹೋಗು, ನಾನೂ ಬರ್ತೇನೆ" ಎಂದರು.

ವಿಠ್ಠಲವಾಡಿಯ ಅಂಗಡಿಯಲ್ಲಿ ಗುಂಡಿಯ ಚೀಲಗಳ ನಡುವೆ ಕೂತು ನಾನು ಕೇಳಿದ್ದನ್ನೆಲ್ಲ ಹೇಳಿದೆ. ಹುಡುಗಿಯ ಅಪ್ಪ ಮೊದಲು ಒಪ್ಪಲಿಲ್ಲ. "ಬ್ಯಾಂಕಿನ ಕೆಲಸ ಅಂದ್ರ ಛಲೋ ಅಲ್ಲೇನ್ರಿ? ನೀವು ತಪ್ಪು ತಿಳಕೊಂಡೀರಿ" ಎಂದರು. ಹತ್ತನೆಯ ಫಲಿತಾಂಶವೇ ಬಾರದ ಹುಡುಗಿ ಯಾವ ಬ್ಯಾಂಕಿನಲ್ಲಿ ಕೂತು ಮಾತಾಡುತ್ತಾಳೆ ಎಂದು ನನ್ನ ಯಜಮಾನರು ಕೇಳಿದ ಮೇಲೆ ಅವರು ಅಂಗಡಿಯ ಬಾಗಿಲ ಕಡೆಗೇ ನೋಡುತ್ತಾ ಕೂತರು. ಸಂಜೆ ಹುಡುಗಿ ಬಂದಳು. ನನ್ನನ್ನು ಕಂಡು ನಿಂತುಬಿಟ್ಟಳು.

"ಬಾಗಿಲಲ್ಲಿ ನೀವೇ ಅಂತ ಗೊತ್ತಾಯ್ತು ಟೀಚರ್" ಎಂದಳು. ಆಮೇಲೆ ಅಳತೊಡಗಿದಳು.

ಅವಳು ಹೇಳಿದ್ದು ಹೀಗೆ. ಮೊದಲು ಬರೀ ನಾಟಕದ ಹಾಗಿತ್ತು. ಹೋದ ಕೂಡಲೇ ಅವರವರ ಮೊಬೈಲು ತೆಗೆದುಕೊಂಡು ಬೇರೆ ಫೋನ್ ಕೊಡುತ್ತಿದ್ದರು. ಆ ಕಡೆ ಇರುವವರೂ ತರಬೇತಿಯವರೇ, ಅವರು ಹೆದರಿದ ಹಾಗೆ ನಟಿಸುತ್ತಾರೆ, ನೀವು ಧೈರ್ಯ ಹೇಳಿ ಹೇಳಿದ ಕೆಲಸ ಮಾಡಿಸಬೇಕು, ಯಾರು ಬೇಗ ಮಾಡಿಸುತ್ತಾರೋ ಅವರು ಗೆದ್ದ ಹಾಗೆ ಎಂದಿದ್ದರಂತೆ. ಮಕ್ಕಳಿಗೆ ಅದು ಆಟವಾಗಿತ್ತು. ಇವಳೇ ಮುಂದೆ.

"ಒಂದು ಅಜ್ಜಿ ಇದ್ರು ಟೀಚರ್. ಮಂಗಳೂರ್ ಸೈಡ್. ನಾನು ನಮ್ಮ ಬಾಜೂವಾಲಿ ಆಂಟಿ ಥರಾ ಮಾತಾಡಿದೆ. ಅವರು ಎಲ್ಲಾ ಹೇಳಿದ್ರು, ಫೋನಲ್ಲಿ ಬಂದ ನಂಬರ್ ಭೀ ಹೇಳಿದ್ರು. ನಡುವಲ್ಲಿ ಅವರು ಕೇಳಿದ್ರು, 'ನಿಂದು ಊಟ ಆಯ್ತಾ ಮಗಾ? ಇಷ್ಟು ಹೊತ್ತು ನಂಗೋಸ್ಕರ ಮಾತಾಡ್ತಿದ್ದಿಯಲ್ಲ' ಅಂತ." ಅವಳು ಮೂಗು ಒರೆಸಿಕೊಂಡಳು. "ಆಕ್ಟಿಂಗ್ ಮಾಡೋರು ಹಾಗೆ ಕೇಳ್ತಾರಾ? ನಂಗೆ ಆಗಲೇ ಸಮಝ್ ಆಯಾ. ನಾನು ಫೋನ್ ಇಡೋಕೆ ಹೋದೆ. ಸರ್ ಹಿಂದೆ ನಿಂತಿದ್ರು, ಹೆಗಲ ಮೇಲೆ ಕೈ ಇಟ್ರು. ಮುಗಿಸಿದೆ. ಎಲ್ಲರ ಕೈಲಿ ಚಪ್ಪಾಳೆ ಹೊಡೆಸಿದ್ರು."

"ಆಮೇಲೂ ಯಾಕ ಹೋದಿ?" ಅಪ್ಪ ಕೇಳಿದರು.

"ಆ ಫೋನಿನ ಸಿಮ್ ನಿಮ್ಮ ಹೆಸರಲ್ಲಿ ಅದಪ್ಪಾ. ಮೊದಲನೇ ದಿನ ನಿಮ್ಮ ಆಧಾರ್ ತಗೊಂಡಿದ್ರಲ್ಲ. ಬಿಟ್ಟರೆ ಪೊಲೀಸ್ ನಿಮ್ಮನ್ನು ಒಯ್ತಾರೆ ಅಂದ್ರು."

ಆ ಮನುಷ್ಯ ಚೀಲದ ಮೇಲೆ ಕುಸಿದು ಕೂತರು. ಅಂಗಡಿಯ ಮುಂದೆ ಲೋಕಲ್ ಗಾಡಿಯೊಂದು ಹಾದುಹೋಯಿತು.

ಬೆಳಿಗ್ಗೆ ನಾವೆಲ್ಲ ಪೊಲೀಸರ ಬಳಿ ಹೋದೆವು. ದೂರು ಕೇಳಿಸಿಕೊಂಡ ಮಹಿಳಾ ಅಧಿಕಾರಿ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮರಾಠಿಯಲ್ಲಿ ನಿಧಾನವಾಗಿ ಕೇಳಿದರು. ತಾನಾಗಿ ಬಂದು ಹೇಳಿದ್ದರಿಂದ, ಅವಳು ಮಗುವಾದ್ದರಿಂದ, ಅವಳನ್ನು ಸಾಕ್ಷಿಯೆಂದೇ ನೋಡುತ್ತೇವೆ ಎಂದು ಅಪ್ಪನಿಗೆ ಧೈರ್ಯ ಹೇಳಿದರು. ಆಮೇಲೆ ಜೀಪಿನಲ್ಲಿ ನಮ್ಮನ್ನೂ ಕರೆದುಕೊಂಡು ಘಣಸೋಲಿಗೆ ಹೋದರು. ಬಾಗಿಲು ತೆರೆದೇ ಇತ್ತು. ಒಳಗೆ ಏನೂ ಇರಲಿಲ್ಲ. ನೆಲ ಗುಡಿಸಿ ಒರೆಸಿ ಮಾಡಿದ್ದರು, ಫಿನಾಯಿಲಿನ ವಾಸನೆ ಬರುತ್ತಿತ್ತು. ಗೋಡೆಯುದ್ದಕ್ಕೂ ಮಕ್ಕಳು ಕೂತರೆ ಕೈಗೆ ಸಿಗುವ ಎತ್ತರಕ್ಕೆ ಪ್ಲಗ್ಗುಗಳ ಸಾಲು ಮಾತ್ರ. ಹುಡುಗಿ ತಾನು ಕೂರುತ್ತಿದ್ದ ಜಾಗ ತೋರಿಸಿದಳು. ಕೆಳಗೆ ಬಂದರೆ ಹಿಂದಿನ ದಿನದ ಕಾವಲುಗಾರನೂ ಇರಲಿಲ್ಲ, ಬೇರೆಯವನು ಕೂತಿದ್ದ.

ಸಂಘದಲ್ಲಿ ಸಭೆ ಕರೆಯಿರಿ, ಎಲ್ಲ ಮನೆಯವರಿಗೂ ತಿಳಿಸೋಣ ಎಂದೆ. ಕಾರ್ಯದರ್ಶಿಗಳು ಬೆವರು ಒರೆಸಿಕೊಂಡು, "ಸಂಘದ ಹೆಸರು ಬರ್ತದೆ ಟೀಚರ್. ಮೆಲ್ಲ ಮಾಡುವ" ಎಂದರು. ನಾನೇ ಒಂದೊಂದು ಮನೆಗೆ ಹೋದೆ. ಕೆಲವರು ನಮ್ಮ ಮಗ ಅಲ್ಲಿಗೆ ಹೋಗಿಯೇ ಇಲ್ಲ ಎಂದರು. ಒಂದು ಮನೆಯಲ್ಲಿ ತಾಯಿ ಹಾಗೆ ಹೇಳುವಾಗ ಮಗಳು ಒಳಕೋಣೆಯ ಪರದೆಯ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಯಜಮಾನರಿಗೆ ಹೋಟೆಲಿನ ಫೋನಿಗೆ ಒಂದೆರಡು ಸಲ ಕರೆ ಬಂತು. ಆ ಕಡೆಯವರು ಏನೂ ಮಾತಾಡಲಿಲ್ಲ. ಬರೀ ಕೇಳಿಸಿಕೊಂಡು ಇಟ್ಟರು.

ಮಳೆ ಶುರುವಾಯಿತು, ಫಲಿತಾಂಶ ಬಂತು. ಹುಡುಗಿ ಚೆನ್ನಾಗಿ ಪಾಸಾಗಿ ಕಲ್ಯಾಣದ ಕಾಲೇಜಿನಲ್ಲಿ ಕಾಮರ್ಸ್ ಸೇರಿದಳು. ಅಧಿಕಾರಿ ಹೇಳಿದ ಹಾಗೆ ಅವಳ ಮೇಲಾಗಲಿ ಅಪ್ಪನ ಮೇಲಾಗಲಿ ಏನೂ ಬರಲಿಲ್ಲ. ಫೋನಿನ ಆ ಅಜ್ಜಿ ಯಾರೆಂದು ಹುಡುಕಿಸಿ, ಕ್ಷಮೆ ಕೇಳಬೇಕು ಎಂದು ಹುಡುಗಿ ಪೊಲೀಸರನ್ನು ಎಷ್ಟೋ ಸಲ ಕೇಳಿದಳು. ಸಿಗಲಿಲ್ಲ. ಈಗ ಅವಳು ಯಾರ ಹಾಗೂ ಮಾತಾಡುವುದಿಲ್ಲ. ಒಂದು ಸಲ ಹುಡುಗಿಯ ಮನೆಗೆ ಹೋಗಿದ್ದಾಗ ಅವಳ ಅಜ್ಜಿಯೇ, "ಒಂದು ಸರ್ತಿ ನನ್ನಂಗ ಬೈದು ತೋರ್ಸ, ಅಕ್ಕೋರು ನಗಲಿ" ಎಂದು ಮುದ್ದು ಮಾಡಿ ಕೇಳಿದರು. ಅವಳು ತಲೆ ಅಲ್ಲಾಡಿಸಿ ಚಹಾ ತರಲು ಎದ್ದಳು. ಫೋನ್ ರಿಂಗಾದರೆ ಎತ್ತುವುದಿಲ್ಲ, ಬೇರೆಯವರ ಕೈಗೆ ಕೊಡುತ್ತಾಳೆ.

ಇದೆಲ್ಲದರಲ್ಲಿ ನನ್ನನ್ನು ಹೆಚ್ಚು ಕಾಡುತ್ತಿರುವುದು ಹೋಟೆಲಿನವರ ಆ ಹುಡುಗ, ದೊಡ್ಡ ಗಂಡಸಿನ ದನಿಯವನು. ಘಣಸೋಲಿಯ ಮನೆ ಖಾಲಿಯಾಗುವ ಮುಂಚೆಯೇ ಅವನಿಗೆ 'ಪ್ಲೇಸ್‌ಮೆಂಟ್' ಆಯಿತೆಂದು ಕರೆದುಕೊಂಡು ಹೋಗಿದ್ದರು. ದೊಡ್ಡ ಕಂಪನಿ, ಹೊರರಾಜ್ಯ, ಊಟ ವಸತಿ ಎಲ್ಲ ಅವರದೇ ಎಂದು ಮನೆಯವರು ಸಂಭ್ರಮದಿಂದ ಕಳಿಸಿಕೊಟ್ಟಿದ್ದರು. ನಾನು ಅವರ ಮನೆಗೆ ಹೋದಾಗ ತಾಯಿ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರು. ನಾನು ವಿಷಯ ಹೇಳಿದರೆ ಅವರು ನಕ್ಕರು.

"ಇಲ್ಲ ಟೀಚರ್, ನಮ್ಮವ ಚೆಂದ ಇದ್ದಾನೆ. ದಿನಾ ಮಧ್ಯಾಹ್ನ ಫೋನ್ ಮಾಡ್ತಾನೆ. ಕೂತ್ಕೊಳ್ಳಿ, ಈಗ ಬರ್ತದೆ."

ಬಂತು. ಅವರು ಸ್ಪೀಕರಿಗೆ ಹಾಕಿದರು.

"ಅಮ್ಮ, ನಾನು ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ. ಕೆಲಸ ಚೆನ್ನಾಗಿದೆ. ನೀವು ಚಿಂತೆ ಮಾಡಬೇಡಿ." ತುಂಬಿದ, ನಯವಾದ ದನಿ.

ನಾನು ಬಾಗಿ, "ಮಗಾ, ನಾನು ನಿನ್ನ ಟೀಚರ್. ಯಾವ ಊರಲ್ಲಿದ್ದಿ?" ಎಂದೆ.

ಅವನು ಉಸಿರೆಳೆದುಕೊಂಡದ್ದು ಕೇಳಿಸಿತು. ಆಮೇಲೆ ಅದೇ ದನಿ, ಅದೇ ವೇಗ: "ನಾನು ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ. ನೀವು ಚಿಂತೆ ಮಾಡಬೇಡಿ." ಫೋನ್ ಕಟ್ಟಾಯಿತು.

"ದಿನಾ ಇದೇ ಹೇಳ್ತಾನಾ?" ಎಂದು ಕೇಳಿದೆ.

ತುರಿಯುತ್ತಿದ್ದ ಕೈ ನಿಂತಿತು. ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಾಡದ ಹುಡುಗ ಅವನು. ಅಮ್ಮನಿಗೆ ಎಂದೂ ಬಹುವಚನ ಹಚ್ಚಿದವನಲ್ಲ. ಅದು ಆ ತಾಯಿಗೆ ಆ ಕ್ಷಣದಲ್ಲಿ ಹೊಳೆದದ್ದನ್ನು ನಾನು ಅವರ ಮುಖದಲ್ಲೇ ಕಂಡೆ.

ದೂರು ಕೊಟ್ಟಿದ್ದೇವೆ. ಅದೇ ಅಧಿಕಾರಿ ಹುಡುಕುತ್ತಿದ್ದಾರೆ. ಕರೆ ಪ್ರತಿ ಸಲವೂ ಬೇರೆ ಬೇರೆ ಕಡೆಯಿಂದ ಬಂದ ಹಾಗೆ ತೋರಿಸುತ್ತದಂತೆ. ನಾನು ಭಾನುವಾರ ಬೆಳಿಗ್ಗೆ ಈಗಲೂ ಮಕ್ಕಳ ಮುಂದೆ ನಿಲ್ಲುತ್ತೇನೆ. ಯಾರಾದರೂ ಕೆಲಸ ಕೊಡುತ್ತೇವೆ ಎಂದು ಬಂದರೆ ಮೊದಲು ನನ್ನನ್ನೋ ಅಪ್ಪ ಅಮ್ಮನನ್ನೋ ಕರೆದುಕೊಂಡು ಹೋಗಿ ಜಾಗ ನೋಡಿ ಎನ್ನುತ್ತೇನೆ. ಅವರು ತಲೆಯಾಡಿಸುತ್ತಾರೆ. ಹುಡುಗನ ಕರೆ ಮಾತ್ರ ಇವತ್ತಿಗೂ ಮಧ್ಯಾಹ್ನ ತಪ್ಪದೆ ಬರುತ್ತದೆ. ತಾಯಿ ಎರಡೂ ಕೈಯಲ್ಲಿ ಫೋನ್ ಹಿಡಿದು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಪ್ರಶ್ನೆ ಒಂದನ್ನೂ ಕೇಳುವುದಿಲ್ಲ. ಕೇಳಿದರೆ ಅಷ್ಟೂ ನಿಂತುಹೋದೀತು ಎಂದು ಅವರಿಗೆ ಭಯ.